ಪಾಯದೊಳಗೆ ಬಂದ ಗಂಗವ್ವ

ಬೇಡಕಿಹಾಳ
೧೮ ಫೆಬ್ರವರಿ ೨೦೧೨

ಪ್ರೀತಿಯ ಅಕ್ಕಾ,

ಹೇಗಿದ್ದೀ? ಕಾಲಿನ ಬಾವು ಇಳಿಯಿತೇ? ಕೂಸು ರಾತ್ರಿಯೆಲ್ಲ ಒದೆಯುತ್ತದೆಂದು ಭಾವ ಹೇಳಿದರು. ಒದೆಯಲಿ ಬಿಡು, ನಮ್ಮ ಮನೆಯಲ್ಲಿ ಬಾಯಿಲ್ಲದವರು ನಾನೊಬ್ಬಳೇ ಸಾಕು. ಫೋನಿನಲ್ಲಿ ನಾನು ಹೂಂ, ಹಾಂ ಎನ್ನುವಷ್ಟರಲ್ಲಿ ಕರೆನ್ಸಿ ಮುಗಿಯುತ್ತದೆ. ಅದಕ್ಕೇ ನಮ್ಮ ಓಣಿಯ ಮಲಕವ್ವ ಇವತ್ತು ಅಥಣಿಗೆ ಬರುತ್ತಾಳೆಂದು ತಿಳಿದ ಕೂಡಲೇ ಬರೆಯಲು ಕುಳಿತೆ. ಅವಳ ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿಯೂ ಬರುತ್ತದೆ.

ಇವತ್ತು ಮುಂಜಾನೆ ಹಿತ್ತಲಿಗೆ ಹೋದಾಗ ಪಾಯದ ತಗ್ಗಿನಲ್ಲಿ ಒಂದು ಇಟ್ಟಿಗೆ ನೀರಿನಿಂದ ತಲೆ ಹೊರಗೆ ಹಾಕಿತ್ತು. ಅದರ ಮೇಲೊಂದು ಕಪ್ಪೆ, ಕೆಲಸ ನೋಡಲು ಬಂದ ಇಂಜಿನಿಯರನ ಹಾಗೆ ಕುಳಿತಿತ್ತು. ಇಷ್ಟು ದಿನ ಆ ಇಟ್ಟಿಗೆ ಸಂಜೆ ಕಾಣುತ್ತಿತ್ತು, ಬೆಳಗಾದರೆ ಮುಳುಗಿರುತ್ತಿತ್ತು. ನಗಬೇಡ, ನಿನ್ನ ಬಾಣಂತನ ಈಗ ಆ ಇಟ್ಟಿಗೆಯ ಮೇಲೇ ನಿಂತಿದೆ.

ಹಿಂದಿನ ದನದ ಪಡಸಾಲೆ ಕೆಡವಿ ನಿನಗಾಗಿ ಖೋಲಿ ಕಟ್ಟಲು ಅಪ್ಪ ಹೊರಟದ್ದು ನಿನಗೆ ಗೊತ್ತು. ಉಸ್ತುವಾರಿಯನ್ನು ಮುರಗೆಪ್ಪ ಕಾಕಾ ತಾನೇ ವಹಿಸಿಕೊಂಡದ್ದು ಗೊತ್ತಿರಲಿಕ್ಕಿಲ್ಲ. ಸೊಂಟದ ಮಟ್ಟ ಅಗೆಯುವಷ್ಟರಲ್ಲಿ ನೀರು ಜಿನುಗಿತು. ಅಪ್ಪ ತಲೆಯ ಮೇಲೆ ಕೈಯಿಟ್ಟು ಕುಳಿತ. ಕಾಕಾ ತೆಂಗಿನಕಾಯಿ ತರಿಸಿದ. "ಮಂದಿ ಆರನೂರ ಫೂಟ ಬೋರ ಹೊಡಿಸಿ ಹುಡಿ ತಿಂತಾರ, ನಮಗ ಗಂಗವ್ವ ತಾನ ಎದ್ದ ಬಂದಾಳಲ್ಲೋ ಅಣ್ಣಾ!" ಎಂದು ಅವ್ವನ ಕೈಯಿಂದ ಹಸಿರು ಬಳೆ, ಖಣ ಇಡಿಸಿ ಪೂಜೆ ಮಾಡಿಸಿದ. ಅವ್ವ ಆರತಿ ಬೆಳಗಿ ಎದ್ದವಳೇ, "ಗಂಗವ್ವನ ಉಡಿ ತುಂಬಿದ್ದಾತು. ನನ್ನ ಮಗಳ್ನ ಎಲ್ಲಿ ಮಲಗಸ್ಲಿ? ಈಕಿ ಮಗ್ಗಲದಾಗ?" ಎಂದಳು. ಜ್ಞಾನದೇವ ಗೌಂಡಿ ಇನ್ನೂ ಮುಂದೆ ಹೋದ: "ತಗ್ಗ ಎರಡ ದಿನ ಒಣಾ ಇಟ್ಟ ಕೊಡ್ರಿ, ಪಾಯಾ ಮುಗಸ್ತೇನಿ. ಇಲ್ಲಂದ್ರ ಮೀನ ಬಿಡ್ರಿ, ನಾ ಗಾಳ ತರ್ತೇನಿ."

ಕಾಕಾ ಬಾಡಿಗೆಗೆ ಡಿಸೇಲ್ ಇಂಜಿನ್ ತಂದ. ಹಿತ್ತಲ ಗೋಡೆಗುಂಟ ಸಿಮೆಂಟಿನ ಗಟಾರವಿದೆ, ಅದರಾಚೆ ನಮ್ಮದೇ ಕಬ್ಬು. ಗಟಾರಕ್ಕೆ ಹೋಗುವ ನೀರು ಕಂಡರೆ ಕಬ್ಬಿನವರ ಹೊಟ್ಟೆ ಉರಿಯುತ್ತದೆ. ಕಾಕಾ ಎರಡು ಪೈಪು ಜೋಡಿಸಿ, ಗಟಾರ ದಾಟಿಸಿ, ಕಬ್ಬಿಗೇ ಬಿಟ್ಟ. ಹಗಲೆಲ್ಲ ಇಂಜಿನ್ ತಗ್ಗಿನ ನೀರನ್ನು ಕಬ್ಬಿಗೆ ಕುಡಿಸುತ್ತದೆ, ರಾತ್ರಿಯೆಲ್ಲ ಕಬ್ಬು ಅದನ್ನು ನೆಲದೊಳಗಿಂದ ತಗ್ಗಿಗೆ ಮರಳಿಸುತ್ತದೆ. ಬೀಗರ ಮನೆಗೆ ಹೋದ ಡಬ್ಬಿ ಬರಿದಾಗಿ ಬರುವುದಿಲ್ಲವಲ್ಲ, ಹಾಗೆ.

ನಿನ್ನೆ ಕಾಕಾ ಇಂಜಿನ್ ಚಾಲೂ ಇಟ್ಟು ಮದುವೆಗೆಂದು ನಿಪ್ಪಾಣಿಗೆ ಹೋಗಿದ್ದ. ಪೈಪುಗಳ ನಡುವಿನ ಕಪ್ಲಿಂಗ್ ಕಳಚಿ ನೀರೆಲ್ಲ ಗಟಾರದಲ್ಲಿ ಹರಿದು ಹೋಯಿತು. ಕಬ್ಬು ಕುಡಿಯಲಿಲ್ಲ, ಇಟ್ಟಿಗೆ ಮುಳುಗಲಿಲ್ಲ. ಇದನ್ನು ಕಾಕಾನಿಗೆ ಹೇಳಿದೆ. ಹೇಳಿದೆ ಎಂದರೆ, ಚಹಾ ಕೊಡುತ್ತ ಅರ್ಧ ವಾಕ್ಯ. "ನೀ ಬಿ.ಎ. ಮಾಡಿದಾಕಿ, ಕವಿತಾ ಓದವ್ವಾ. ಹ್ವಾದ ನೀರ ಹಿಂದ ಬರತೈತೇನ?" ಎಂದು ನಕ್ಕು, ಕಪ್ಲಿಂಗ್ ಮತ್ತೆ ಕೂರಿಸಿ, ಇಂಜಿನ್ ಚಾಲೂ ಮಾಡಿ ಊಟಕ್ಕೆ ಕುಳಿತ.

ಮೊನ್ನೆ ನಿನ್ನ ಅತ್ತೆ ಗಿರಿಜವ್ವನವರು ಫೋನಿನಲ್ಲಿ, "ಖೋಲಿ ಆಗಿಲ್ಲಂದ್ರ ಹೆರಗಿ ಇಲ್ಲೇ ಆಗ್ಲಿ ಬಿಡ್ರಿ" ಎಂದರಂತೆ. ಒಳ್ಳೆಯ ಮನಸ್ಸಿನಿಂದಲೇ ಅಂದಿರಬೇಕು. ಆದರೆ ಫೋನಿಟ್ಟ ಅವ್ವ ರೊಟ್ಟಿ ಬಡಿಯುವುದನ್ನೇ ಮರೆತು ಕುಳಿತಳು. ಹೋದ ಸಲ ಬಸ್ಸು ಹತ್ತುವಾಗ ನೀನು ನನ್ನ ಕೈ ಬಿಡದೆ, "ಹೆರಗಿ ಅವ್ವನ ಹಂತೇಕನ ಆಗ್ಬೇಕ ಬೇ" ಎಂದದ್ದನ್ನು ನಾನು ಮರೆತಿಲ್ಲ.

ಭಾವನವರಿಗೂ ಅತ್ತೆಯವರಿಗೂ ನಮಸ್ಕಾರ ತಿಳಿಸು. ಒಳಗಿರುವವರಿಗೆ ಚಿಗವ್ವನ ಮುತ್ತು. ಪಾಯ ಏಳುವವರೆಗೆ ಅವಸರ ಮಾಡಬೇಡವೆಂದು ಹೇಳು.

ನಿನ್ನ
ಪ್ರಾಜಕ್ತಾ

ತಾ.ಕ.: ಮಲಕವ್ವ ಬಸ್ಸು ತಪ್ಪುತ್ತದೆಂದು ಬಾಗಿಲಲ್ಲಿ ಕೂಗುತ್ತಿದ್ದಾಳೆ. ಹೋಳಿಗೆಯ ಕೆಳಗೆ ಪೇಪರಿನಲ್ಲಿ ಸುತ್ತಿದ್ದು ತಿನ್ನುವ ಸಾಮಾನಲ್ಲ, ಕಪ್ಲಿಂಗ್. ಕಾಕಾ ಉಣ್ಣುತ್ತಿರುವಾಗ ತೆಗೆದೆ. ಕಳೆದದ್ದಕ್ಕೆ ಹೊಸದು ತರುವ ಮನುಷ್ಯ ಅವನಲ್ಲ, ಹುಡುಕುತ್ತಲೇ ಇರುತ್ತಾನೆ, ಅಲ್ಲಿಯವರೆಗೆ ನೀರು ಗಟಾರಕ್ಕೇ. ಗೌಂಡಿಗೆ ಬೇಕಾದದ್ದು ಎರಡೇ ದಿನ. ಡಬ್ಬಿಯನ್ನು ಯಾರ ಕೈಯಲ್ಲೂ ಮರಳಿ ಕಳಿಸಬೇಡ. ಹೆರಿಗೆಗೆ ಬರುವಾಗ ನೀನೇ ತಾ.