ನೀರಿನ ತಕ್ಕಡಿ

ಜರಗನಹಳ್ಳಿ
9 ನವೆಂಬರ್ 2025

ಇಟ್ಟಮಡುವಿನ ಪಿಳ್ಳಣ್ಣನಿಗೆ ಬೈರಣ್ಣನ ನಮಸ್ಕಾರ. ಹರಿದು ಎಸೆಯಬೇಡ, ಪೂರ್ತಿ ಓದು. ಹನ್ನೊಂದು ವರ್ಷದಿಂದ ನೀನು ನನ್ನ ಫೋನ್ ಎತ್ತಿಲ್ಲ, ಅದಕ್ಕೇ ಈ ಕಾಗದ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ತಪ್ಪಿದ್ದರೆ ನಗು, ಪರವಾಗಿಲ್ಲ.

ಮೊಮ್ಮಗಳು ಶೃತಿ ಜಯನಗರದಲ್ಲಿ ಜರ್ಮನ್ ಭಾಷೆ ಕಲಿಯುತ್ತಿದ್ದಾಳೆ. ಮೊನ್ನೆ ನನ್ನ ಹಳೇ ರಸಮಟ್ಟ ಕೈಗೆತ್ತಿಕೊಂಡು, ಗಾಜಿನೊಳಗಿನ ಗುಳ್ಳೆ ಓಡಾಡಿಸುತ್ತಾ, "ತಾತ, ಇದಕ್ಕೆ ಅವರು ವಸ್ಸರ್‌ವಾಗೆ ಅಂತಾರೆ. ವಸ್ಸರ್ ಅಂದ್ರೆ ನೀರು, ವಾಗೆ ಅಂದ್ರೆ ತಕ್ಕಡಿ. ಎರಡನ್ನೂ ಅಂಟಿಸಿಬಿಟ್ಟಿದಾರೆ" ಎಂದಳು. ಗುಳ್ಳೆ ಬರುವ ಮುಂಚೆ ಉದ್ದನೆಯ ತೊಟ್ಟಿಯಲ್ಲಿ ನೀರು ತುಂಬಿ ಮಟ್ಟ ನೋಡುತ್ತಿದ್ದರಂತೆ. ನಮ್ಮದೂ ರಸ, ಮಟ್ಟ ಎರಡು ಸೇರಿದ್ದೇ ತಾನೇ! ಗಾರೆ ಕೆಲಸದವರ ಬುದ್ಧಿ ಎಲ್ಲಾ ಕಡೆಯೂ ಒಂದೇ ಎಂದು ನಕ್ಕೆ.

ಆದರೆ ತಕ್ಕಡಿ ತಲೆಯಲ್ಲಿ ಕೂತುಬಿಟ್ಟಿತು. ತೂಕದ ಮೇಲೆ ಅನುಮಾನ ಬಂದರೆ ನಮ್ಮವ್ವ ಅಂಗಡಿಯವನಿಗೆ "ಕಲ್ಲು ಆ ಕಡೆ ಹಾಕು, ರಾಗಿ ಈ ಕಡೆ ಹಾಕು" ಎಂದು ಜಗಳಕ್ಕೆ ನಿಲ್ಲುತ್ತಿದ್ದಳು. ರಸಮಟ್ಟವನ್ನೂ ಹಾಗೇ ತಿರುಗಿಸಿ ನೋಡಬೇಕು, ಸರಿಯಿದ್ದರೆ ಗುಳ್ಳೆ ಎರಡು ಸಲವೂ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಹುಡುಗರಿಗೆಲ್ಲ ಹೇಳಿಕೊಟ್ಟವನು ನಾನೇ, ನನ್ನದನ್ನು ನೋಡಿರಲಿಲ್ಲ. ಅಡುಗೆಮನೆ ಕಟ್ಟೆಯ ಮೇಲಿಟ್ಟೆ, ಗುಳ್ಳೆ ನಡುವೆ ನಿಂತಿತು. ಎಡತುದಿ ಬಲಕ್ಕೆ ತಿರುಗಿಸಿ ಅಲ್ಲೇ ಇಟ್ಟೆ. ಗೆರೆ ದಾಟಿ ಓಡಿತು!

ತ್ಯಾಗರಾಜನಗರದ ಕಾತ್ಯಾಯಿನಿ ಅಮ್ಮನ ಮನೆಯಲ್ಲಿ ಪಾತ್ರೆ ತೊಳೆದ ನೀರು ಮೋರಿಗೆ ಹೋಗದೆ ದೇವರ ಮನೆಗೆ ನುಗ್ಗಿತಲ್ಲ, ಅದು ನಿನ್ನ ಕೈಯ ತಪ್ಪಲ್ಲ. ನೀನು ನನ್ನ ರಸಮಟ್ಟ ನಂಬಿ ನೆಲ ಹಾಕಿದೆ. "ಕಣ್ಣು ಮನೇಲಿಟ್ಟು ಬಂದಿದೀಯೇನೋ" ಎಂದು ಎಲ್ಲರ ಮುಂದೆ ಕೂಗಾಡಿದವನು ನಾನು. ನೀನು ಕರಣೆ ಕೆಳಗಿಟ್ಟು ಹೋದವನು ತಿರುಗಿ ಬರಲಿಲ್ಲ.

ತಪ್ಪು ನನ್ನದು. ಎರಡನೇ ಸಲ ಬರೆಸಬೇಡ.

ಒಬ್ಬನೇ ನಗುತ್ತಾ ಕೂತಿದ್ದೆ. ಜಯದೇವಿ ಬಂದು ಏನು ಎಂದಳು. "ಪಿಳ್ಳಣ್ಣ ಸರಿಯಾಗೇ ಕೆಲಸ ಮಾಡಿದ್ದ ಕಣೇ" ಎಂದೆ. "ಅದು ಊರಿಗೆಲ್ಲ ಗೊತ್ತಿತ್ತು, ನಿಮಗೊಬ್ಬರಿಗೆ ಬಿಟ್ಟು" ಎಂದು ಒಳಗೆ ಹೋದಳು. ನೀನು ಬಂದರೆ ಒಬ್ಬಟ್ಟು ಮಾಡುತ್ತಾಳಂತೆ. ನಾನು ಕೇಳಿದರೆ ಮಾಡುವುದಿಲ್ಲ.

ಮುಂದಿನ ಭಾನುವಾರ ನಮ್ಮ ಮಹಡಿಯ ಬಚ್ಚಲಿಗೆ ಟೈಲ್ಸ್ ಹಾಕಬೇಕು. ನೀನೇ ಮೇಸ್ತ್ರಿ. ಸಿಮೆಂಟ್ ಕಲಸುವುದು ನಾನು. ಬೈದರೆ ಬೈಸಿಕೊಳ್ಳುತ್ತೇನೆ.

ನಿನ್ನ ಮೇಲೆ ರೇಗಿ ರೇಗಿ ಸಾಕಾದ,
ಬೈರಣ್ಣ

ಇನ್ನೊಂದು ಮಾತು: ರಸಮಟ್ಟ ಹೇಗೆ ಕೆಟ್ಟಿತು ಎಂದು ಶೃತಿ ಕೇಳಿದಳು. ಗದರಿಸಿ ಕಳಿಸಿದೆ. ಆ ನೆಲ ಹಾಕುವ ಹಿಂದಿನ ದಿನ ಅದು ನನ್ನ ಕೈಜಾರಿ ಮಹಡಿಯಿಂದ ಬಿದ್ದಿತ್ತು. ಯಾರೂ ನೋಡಲಿಲ್ಲವೆಂದು ಧೂಳು ಒರೆಸಿ, ಬೆಳಿಗ್ಗೆ ನಿನ್ನ ಕೈಗೆ ಕೊಟ್ಟೆ. ಜಯದೇವಿಗೂ ಹೇಳಿಲ್ಲ. ನಿನಗೇ ಮೊದಲು. ಬಾರೋ.