ಕುಸ್ಕೋದ ಹನ್ನೊಂದು ಗಂಟೆ

ಲಾ ಪಾಸ್,
ಅಕ್ಟೋಬರ್ ೧೪

ಪ್ರೀತಿಯ ನಿನ್ಫಾ,

ನಿನ್ನ ಕಾಗದ ಬಂದು ಏಳು ವಾರವಾಯ್ತು. ಇವತ್ತು ಬರೀತೀನಿ, ನಾಳೆ ಬರೀತೀನಿ ಅಂತ ಕೂತು ಎದ್ದಿದ್ದೇ ಆಯ್ತು, ಬೈಕೋಬೇಡ. ಮಕ್ಕಳು ಹೇಗಿದ್ದಾರೆ? ನಿನ್ನ ಗಂಡನ ಬೆನ್ನುನೋವು ಕಮ್ಮಿಯಾಯ್ತಾ? ನನ್ನದು ಅದೇ ಮಾರ್ಕೆಟ್ಟು, ಅದೇ ಆಲೂಗಡ್ಡೆ ಮೂಟೆ.

ಅವ್ವ ಹೋದ ಎಂಟನೇ ದಿನ ಅವಳ ಬಟ್ಟೆಯೆಲ್ಲ ಹೊಳೆಗೆ ಒಯ್ದು ಒಗೆದೆವು. ನೀನು ಅಷ್ಟರಲ್ಲಿ ಹೊರಟುಹೋಗಿದ್ದೆ. ಹಸಿರು ಲಂಗ ಹಿಂಡುವಾಗ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು, ನೆಂದು ಮುದ್ದೆಯಾಗಿತ್ತು. ಹೋದ ವರ್ಷ ನೀನು ಬಂದಾಗಿನ ವಿಮಾನದ್ದು. ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ ಕಣೇ.

ಗಡಿಯಾರ ಗೋಡೆ ಮೇಲೆ ಹಾಗೇ ಇದೆ. ನೀನು ಮದುವೆಯಾಗಿ ಗಡಿಯಾಚೆ ಕುಸ್ಕೋಗೆ ಹೋದ ದಿನವೇ ಅವ್ವ ಕುರ್ಚಿ ಹತ್ತಿ ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಬಿಟ್ಟಳು. ನಿಮ್ಮ ಹೊತ್ತು ನಮ್ಮದಕ್ಕಿಂತ ಒಂದು ಗಂಟೆ ಹಿಂದೆ ತಾನೆ. "ಈಗ ನನ್ನ ಮಗಳು ಮಕ್ಕಳಿಗೆ ಬಡಿಸ್ತಿರ್ತಾಳೆ" ಅಂತ ಅದನ್ನೇ ನೋಡ್ತಾ ಕೂರೋಳು. ಫೋನಿನಲ್ಲಿ ನಿನಗೆ ಯಾರೇ ಹೊತ್ತು ಹೇಳಿದರೂ ಕುಸ್ಕೋ ಹೊತ್ತೇ ಹೇಳಬೇಕು. "ಹುಡುಗೀನ ಗಲಿಬಿಲಿ ಮಾಡಬೇಡ್ರೋ" ಅಂತ ಕಟ್ಟಪ್ಪಣೆ. ಹನ್ನೆರಡು ವರ್ಷ ಹಾಗೇ ನಡೀತು. "ಐನೂರು ಕಿಲೋಮೀಟರ್, ಬರೀ ಒಂದು ಗಂಟೆ ಹಾರಾಟ. ಆಲೂಗಡ್ಡೆ ಬೇಯೋದರೊಳಗೆ ಬಂದುಬಿಡ್ತಾಳೆ" ಅಂತ, ಹಾಸಿಗೆ ಹಿಡಿಯೋವರೆಗೂ, ಬೀದಿಗೆಲ್ಲ ಹೇಳ್ಕೊಂಡು ತಿರುಗೋಳು.

ಆ ದಿನ ನೀನು ಸ್ಮಶಾನಕ್ಕೆ ಓಡಿಬಂದಾಗ ಅವ್ವನನ್ನಿಟ್ಟ ಗೋಡೆಗೂಡಿನ ಬಾಯಿಗೆ ಇಟ್ಟಿಗೆ ಕಟ್ಟಿ ಗಾರೆ ಮೆತ್ತಿ ಆಗಿತ್ತು. ಕಸಿಮಿರೋ ಮಾವ ಎಲ್ಲರೆದುರಿಗೇ, "ಬಂದಳಪ್ಪ ಮಹಾರಾಣಿ! ಬಸ್ಸಲ್ಲಿ ಕುಲುಕಾಡ್ಕೊಂಡು ಬಂದ ಒರುರೋ ಊರಿನ ನೆಂಟರು ಸರಿಹೊತ್ತಿಗೆ ಬಂದ್ರು, ಒಂದು ಗಂಟೆ ಹಾರಿ ಬರೋಳಿಗೆ ಪುರುಸೊತ್ತಿಲ್ಲ" ಅಂದ. ನೀನು ಹಸಿ ಗಾರೆ ಮೇಲೆ ಅಂಗೈ ಇಟ್ಟು, "ಅಕ್ಕ ಹನ್ನೊಂದು ಅಂದಿದ್ಲು, ಇನ್ನೂ ಹನ್ನೊಂದಾಗಿಲ್ಲ" ಅಂತ ನಿನ್ನ ಕೈಗಡಿಯಾರ ತೋರಿಸಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಬಗ್ಗಿ ಹೂ ಜೋಡಿಸತೊಡಗಿದೆ.

"ಗಾಬರಿಯಲ್ಲಿ ನೀನು ಲಾ ಪಾಸ್ ಹೊತ್ತು ಹೇಳಿಬಿಟ್ಟೆ, ಅಷ್ಟೇ ಅಲ್ವಾ ಅಕ್ಕಾ? ಹಾಗಂತ ಒಂದು ಸಾಲು ಬರಿ. ಸತ್ತವರ ಹಬ್ಬಕ್ಕೆ ಬರ್ತೀನಿ. ಇಲ್ಲದಿದ್ರೆ ಆ ಊರಿಗೆ ಇನ್ನು ಕಾಲಿಡಲ್ಲ" ಅಂತ ಬರೆದಿದ್ದೀಯ.

ನವೆಂಬರ್ ಒಂದಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸತ್ತವರು ಮನೆಗೆ ಬರುವ ಹೊತ್ತು. ಅವ್ವನಿಗೆ ಇದು ಮೊದಲ ವರ್ಷ. ಅವಳ ಹೆಸರಿನ ರೊಟ್ಟಿಯ ಗೊಂಬೆಗೂ ಅವಳು ಇಳಿದು ಬರೋಕೆ ರೊಟ್ಟಿಯ ಏಣಿಗೂ ಬೇಕರಿಯವನಿಗೆ ಹೇಳಿದ್ದೇನೆ. ಕಡಲೆಕಾಯಿ ಸಾರು ನಾನೇ ಮಾಡ್ತೀನಿ. ಪ್ರಾರ್ಥನೆ ಎಷ್ಟು ಹೊತ್ತಿಗೆ ಅಂತ ಮಾವ ಕೇಳಿದ. "ಬೀದಿಯವರೆಲ್ಲ ಯಾವಾಗ ಬೇಕಾದ್ರೂ ಮಾಡ್ಕೊಳ್ಳಲಿ, ನಮ್ಮನೇಲಿ ಅವ್ವನ ಗಡಿಯಾರದಲ್ಲಿ ಹನ್ನೆರಡಾದಾಗ" ಅಂದೆ.

ಮಕ್ಕಳಿಗೆ ದೊಡ್ಡಮ್ಮನ ಮುತ್ತು. ದೇವಮಾತೆ ನಿನ್ನ ಮನೆ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಬಸಿಲಿಯಾ

ತಾ.ಕ.: ಆ ಒಂದು ಸಾಲು ಬರೆಯೋಕೇ ಏಳು ವಾರ ಕೂತೆ, ಕೈ ಬರಲಿಲ್ಲ. ನಾನು ಮರೆತಿರಲಿಲ್ಲ, ನಿನ್ಫಾ. ಆರು ವರ್ಷ ಅವಳ ಮೈ ತೊಳೆದು, ತುತ್ತಿಟ್ಟು, ಮಗ್ಗುಲು ಬದಲಿಸಿದವಳು ನಾನು. ಕೊನೇ ದಿನವೂ ಅವಳ ಕಣ್ಣು ಗಡಿಯಾರದ ಮೇಲೇ. "ಹೊರಟಳಾ? ಹೊರಟಳಾ?" ಅಂತ ಕೇಳ್ತಾನೇ ಹೋದಳು. ಸಂಸ್ಕಾರ ನಮ್ಮ ಹನ್ನೊಂದಕ್ಕಿತ್ತು, ನಿನಗೆ ಹತ್ತು ಗಂಟೆ ಅನ್ನಬೇಕಿತ್ತು, ನೀನು ಬೆಳಗಿನ ಮೊದಲ ವಿಮಾನ ಹಿಡೀತಿದ್ದೆ. ಬೇಕಂತಲೇ ಹನ್ನೊಂದು ಅಂದೆ. ಒಂದೇ ಒಂದು ಗಂಟೆ ಅವ್ವ ನನ್ನೊಬ್ಬಳವಳಾಗಿರಲಿ ಅನ್ನಿಸಿತು. ಇಷ್ಟು ಓದಿದ ಮೇಲೂ ಬರೋ ಮನಸ್ಸಾದರೆ, ನಿಮ್ಮ ಹನ್ನೆರಡಕ್ಕೆ ಬಾ. ನೀನು ಬರದೇ ಹೋದರೆ ಅವ್ವ ನನ್ನೊಬ್ಬಳಿಗೋಸ್ಕರ ಬರ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ.