ಎಣಿಕೆಗೆ ಸಿಗದ ಹಾಯಿ

ಒಳಗುದ್ರುವಿನ ಎಣಿಕೆಕಟ್ಟೆಯಿಂದ,
ನೀರೇರಿದ ನೂರ ಹದಿನೆಂಟನೆಯ ವರ್ಷ,
ಪಡುಗಾಳಿ ತಿಂಗಳ ಮೂವತ್ತೇಳನೆಯ ದಿನ, ಬೆಳಿಗ್ಗೆ

ಪ್ರಿಯ ಅಪರಿಚಿತರೆ,

ಮೇಲಿನ ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮ ತಿಂಗಳುಗಳಿಗೆ ಗಾಳಿಗಳ ಹೆಸರು. ಒಂದು ಗಾಳಿ ನಿಂತು ಇನ್ನೊಂದು ಬೀಸತೊಡಗುವವರೆಗೆ ತಿಂಗಳು ಮುಗಿಯುವುದಿಲ್ಲ. ಹಾಗಾಗಿ ನಮ್ಮಲ್ಲಿ ಮೂವತ್ತೇಳನೆಯ ದಿನ ಬರುತ್ತದೆ, ಕೆಲವು ವರ್ಷ ಎಪ್ಪತ್ತನೆಯ ದಿನವೂ ಬರುತ್ತದೆ. ನಿಮ್ಮ ಲೆಕ್ಕದಲ್ಲಿ ನಮ್ಮಿಬ್ಬರ ನಡುವೆ ಸುಮಾರು ಇನ್ನೂರು ವರ್ಷ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಮಾತುಗಳೂ ನನಗೆ ಮೊದಲು ಹಾಗೆಯೇ ಅನಿಸಿದ್ದವು.

ನನ್ನ ಹೆಸರು ಕೇದಗೆ. ಸಾಹಿತ್ಯ ಓದಿದವಳು. ಪದವಿಯ ಕೊನೆಯ ವರ್ಷ ನಮ್ಮ ಕಡತಮನೆಯಲ್ಲಿ ಕುಳಿತು, ನಿಮ್ಮ ಕಾಲದ ಸಾಮಾನ್ಯ ಜನ ಒಬ್ಬರಿಗೊಬ್ಬರು ಬರೆದುಕೊಂಡ ಸಣ್ಣಪುಟ್ಟ ಬರಹಗಳನ್ನು ಓದುತ್ತಿದ್ದೆ. ಅಲ್ಲಿ ನಿಮ್ಮ ನಾಲ್ಕು ಸಾಲು ಸಿಕ್ಕವು. ಕುಂದಾಪುರದ ಹತ್ತಿರ ಇದ್ದೀರಿ, ಹಾಯಿ ಕಟ್ಟುವ ಕಯಾಕ್ ಒಂದನ್ನು ಹೊಸದಾಗಿ ತಂದಿದ್ದೀರಿ, ಮಧ್ಯಾಹ್ನದ ಮೇಲೆ ಗಾಳಿ ಜೋರು, ಎಲ್ಲಿಂದ ಶುರು ಮಾಡಬೇಕು ಯಾರಾದರೂ ಹೇಳಿ ಎಂದು ಕೇಳಿದ್ದಿರಿ. ಕೆಳಗೆ ನಿಮ್ಮ ಹೆಸರಿರಲಿಲ್ಲ, ಯಾರ ಉತ್ತರವೂ ಇರಲಿಲ್ಲ. ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಈಗ ಸ್ವಲ್ಪ ಗೊತ್ತಾಗಿದೆ. ತಡವಾಯಿತು, ನಿಜ. ಈ ಕಾಗದ ನಿಮ್ಮನ್ನು ಹೇಗೆ ಮುಟ್ಟುತ್ತದೆ ಎಂದು ಕೇಳಬೇಡಿ, ಅದು ನನಗೂ ತಿಳಿಯದು.

ನಿಮ್ಮ ಕುಂದಾಪುರ ಈಗ ಹದಿನೇಳು ಕುದ್ರುಗಳು, ಅಂದರೆ ನೀರಿನ ನಡುವಿನ ತುಂಡು ನೆಲಗಳು. ನಾನು ಇರುವುದು ಒಳಗುದ್ರುವಿನಲ್ಲಿ. ನಿಮ್ಮ ಹೆದ್ದಾರಿ ಸೇತುವೆಯ ಕಂಬಗಳಿಗೆ ನಾವು ದೋಣಿ ಕಟ್ಟುತ್ತೇವೆ. ಇಳಿತದ ಹೊತ್ತಿನಲ್ಲಿ ಯಾವುದೋ ಕಟ್ಟಡದ ತಾರಸಿ ಮೇಲೆ ಬರುತ್ತದೆ, ಹೆಂಗಸರು ಅದರ ಮೇಲೆ ಮೀನು ಒಣಗಿಸಿ, ಉಬ್ಬರ ಬರುವ ಮೊದಲು ಬಾಚಿಕೊಂಡು ಬರುತ್ತಾರೆ. ಉಪ್ಪುನೀರಿನಲ್ಲಿ ಬೆಳೆಯುವ ಕಗ್ಗದ ಅಕ್ಕಿ, ಜೀಗುಜ್ಜೆ ಪಲ್ಯ, ಮರುವಾಯಿ ಎಂಬ ಚಿಪ್ಪುಮೀನಿನ ಸಾರು ನಮ್ಮ ದಿನದ ಊಟ. ಓಡಾಟಕ್ಕೆ ಹಾಯಿಪಾತಿ. ಅದು ನಿಮ್ಮ ಕಯಾಕಿನ ಮರಿಮಗಳೇ ಇರಬೇಕು: ಒಬ್ಬರೇ ಕೂರುವ ಸಪೂರ ದೋಣಿ, ನಡುವೆ ಕೂವೆಮರ, ಅದಕ್ಕೊಂದು ಮೂರುಮೂಲೆಯ ಹಾಯಿ, ಎರಡು ಪಕ್ಕಕ್ಕೂ ಚಾಚಿದ ತೇಲುವ ಕಂಕುಳುಮರ, ಕಾಲಿನಿಂದ ತಿರುಗಿಸುವ ಚುಕ್ಕಾಣಿ. ಹಾಯಿಯನ್ನು ನೀವು ಬಿಟ್ಟುಹೋದ ಪ್ಲಾಸ್ಟಿಕ್ ಚೀಲಗಳನ್ನು ಸೀಳಿ ನೇಯುತ್ತಾರೆ. ನನ್ನ ಹಾಯಿಯ ಮೂಲೆಯಲ್ಲಿ ಯಾವುದೋ ಸೀರೆಯಂಗಡಿಯ ಅರ್ಧ ಹೆಸರು ಇನ್ನೂ ಓದಲು ಬರುತ್ತದೆ.

ನನಗೆ ಹಾಯಿ ಕಲಿಯಲೇಬೇಕಾಗಿ ಬಂದದ್ದು ಕೆಲಸಕ್ಕಾಗಿ. ಅಳಿವೆಯ ಆಚೆ, ಅಂದರೆ ಹೊಳೆ ಕಡಲು ಸೇರುವ ಬಾಯಿಯ ಆಚೆ, ಹೊರಗುದ್ರು ಇದೆ. ಅಲ್ಲಿನ ಮಕ್ಕಳಿಗೆ ಓದಿ ಹೇಳುವ, ಓದಲು ಕಲಿಸುವ ಓದುಗಿತ್ತಿಯ ಜಾಗಕ್ಕೆ ನನ್ನನ್ನು ಆರಿಸಿದ್ದರು. ಒಂದೇ ಷರತ್ತು. ಪಡುಗಾಳಿ ತಿಂಗಳು ಮುಗಿಯುವುದರೊಳಗೆ ನನ್ನದೇ ಪಾತಿಯಲ್ಲಿ ಒಬ್ಬಳೇ ಬರಬೇಕು. ತೆಂಕುಗಾಳಿ ಎದ್ದರೆ ಮಳೆ, ಅಳಿವೆ ನಾಲ್ಕು ತಿಂಗಳು ಮುಚ್ಚಿದಂತೆ. ಆಮೇಲೆ ಜಾಗ ಪಟ್ಟಿಯಲ್ಲಿರುವ ಎರಡನೆಯವರಿಗೆ.

ಕಲಿಸಲು ಒಪ್ಪಿದವರು ಹೂವಕ್ಕ. ವಯಸ್ಸು ಎಪ್ಪತ್ತೊಂದು, ನನಗಿಂತ ಎರಡುಪಟ್ಟು ಅಗಲ, ಮಾತು ನನ್ನದಕ್ಕಿಂತ ಹತ್ತುಪಟ್ಟು. ಮೊದಲ ವಾರ ಅವರು ಹಾಯಿಯನ್ನು ಮುಟ್ಟಗೊಡಲಿಲ್ಲ. ಬರೀ ಹುಟ್ಟು ಹಾಕಿಸಿದರು. ಎರಡನೆಯ ವಾರ ಸೊಂಟಮಟ್ಟದ ನೀರಿನಲ್ಲಿ ನನ್ನನ್ನು ಪಾತಿಯ ಸಮೇತ ಕೈಯಾರೆ ಮಗುಚಿಹಾಕಿ, ದಡದಲ್ಲಿ ನಿಂತು ನೋಡಿದರು. ಹಾಯಿ ಸಡಿಲಿಸಬೇಕು, ಗಾಳಿ ಬರುವ ಕಡೆಯ ಕಂಕುಳುಮರವನ್ನು ಮೈಭಾರದಿಂದ ಕೆಳಕ್ಕೆಳೆದು ಪಾತಿಯನ್ನು ನೇರ ಮಾಡಬೇಕು, ಅದೇ ಮರದ ಮೇಲಿಂದ ಹೊಟ್ಟೆ ಎಳೆದುಕೊಂಡು ಒಳಗೆ ಬರಬೇಕು. ದಿನಕ್ಕೆ ಹತ್ತು ಸಲ. ತೇಲಂಗಿ, ಎಂದರೆ ತೇಲಿಸುವ ಅಂಗಿ, ಹಾಕದೆ ಪಾತಿ ಮುಟ್ಟಿದರೆ ಹುಟ್ಟಿನಿಂದಲೇ ಒಂದು ಪೆಟ್ಟು. ಮೂರನೆಯ ವಾರ, ಗಾಳಿ ಇನ್ನೂ ಮೆಲ್ಲಗಿರುವ ಹೊತ್ತಿನಲ್ಲಿ, ಅರ್ಧ ಸುತ್ತಿದ ಹಾಯಿ.

"ಹೋಪತಿಗೆ ಗಾಳಿಗ್ ಎದ್ರ್ ಹೋ. ಬಪ್ಪತಿಗೆ ಗಾಳಿಯೇ ಮನಿಗ್ ತಕಂಡ್ ಬತ್ತ್," ಎಂದರು. "ಮತ್ತೊಂದ್. ಹಾಯಿಹಗ್ಗ ಕೈಯಗೇ ಇರ್ಕ್. ಕಟ್ಟೂಕಾಗ. ಗಾಳಿ ಹೊಡ್ದ್ ಕೂಡ್ಲೆ ಬಿಡ್ಕ್. ಕೇಂತಾ ಹೆಣೆ?"

ಕೇಳಿಸಿತು ಎಂದು ತಲೆಯಾಡಿಸಿ, ಪುಸ್ತಕದಲ್ಲಿ ಬರೆದುಕೊಂಡೆ: ಹೋಗುವಾಗ ಗಾಳಿಗೆ ಎದುರು, ಬರುವಾಗ ಗಾಳಿಯೇ ಮನೆಗೆ ತರುತ್ತದೆ; ಹಾಯಿಹಗ್ಗ ಕೈಯಲ್ಲೇ ಇರಬೇಕು, ಹಗ್ಗ ಕಟ್ಟಬಾರದು, ಗಾಳಿ ಹೊಡೆದ ಕೂಡಲೆ ಬಿಡಬೇಕು. ನಾನು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೆ. ದಂಡೆಯಲ್ಲಿ ಬಲೆ ಸರಿಮಾಡುವ ಶೀನಣ್ಣನಿಗೆ ಅದೊಂದು ತಮಾಷೆ. "ಹ್ವಾಯ್, ಕಡ್ಲಿಗೂ ಒಂದ್ ಪುಸ್ತಕ ಕೊಡಿ, ಅದೂ ಓದ್ಕಂಡ್ ಬರ್ಲಿ," ಎನ್ನುತ್ತಿದ್ದ.

ಇನ್ನು ನಮ್ಮಲ್ಲಿ ಒಂದು ಪದ್ಧತಿಯಿದೆ, ಅದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗದು. ದಂಡೆಯ ಎತ್ತರದಲ್ಲಿ ಎಣಿಕೆಕಟ್ಟೆ ಇದೆ. ಹೊರಟ ಹಾಯಿಗಳೆಷ್ಟು, ಕಾಣುತ್ತಿರುವ ಹಾಯಿಗಳೆಷ್ಟು ಎಂದು ಒಬ್ಬರು ಸದಾ ಎಣಿಸುತ್ತಿರುತ್ತಾರೆ. ಹಾಯಿಯೊಂದು ಕಾಣದಾದರೆ ಹುಡುಕಲು ಪಾತಿ ಹೊರಡುತ್ತದೆ. ಅದಕ್ಕೇ, ಮಗುಚಿ ಎದ್ದವರು ದಂಡೆಗೆ ಕೇಳುವಂತೆ ಮೂರು ಸಲ ಕೂಗಿ ಹೇಳಬೇಕು. ಇದು ಮಗುಚುಗೂಗು. ಕಲಿಯುವವರು ಒಮ್ಮೆಯಾದರೂ ಒಬ್ಬರೇ ಮಗುಚಿ, ಎದ್ದು, ಕೂಗುವವರೆಗೆ ಅಳಿವೆ ದಾಟಲು ಬಿಡುವುದಿಲ್ಲ. ಕೂಗಿದ ದಿನ ದಂಡೆಯವರೆಲ್ಲ ಸೇರಿ ಚಪ್ಪಾಳೆ ತಟ್ಟಿ, ಒದ್ದೆ ಬಟ್ಟೆಯಲ್ಲೇ ಕೂರಿಸಿ ಊಟ ಹಾಕುತ್ತಾರೆ. ನೆಂಟರನ್ನೂ ಕರೆಯುತ್ತಾರೆ. ನನಗೆ ನೀರಿನ ಹೆದರಿಕೆ ಅಷ್ಟಿರಲಿಲ್ಲ. ಹೆದರಿಕೆ ಇದ್ದದ್ದು ಆ ಊಟದ್ದು.

ಇಪ್ಪತ್ತೊಂಬತ್ತನೆಯ ದಿನ ಮಧ್ಯಾಹ್ನ ಒಬ್ಬಳೇ ಹೋಗಿದ್ದೆ. ಗಾಳಿ ಏರುತ್ತಿತ್ತು. ತಿರುಗಿಸುವ ಕ್ರಮ ಮರೆತಂತಾಗಿ, ಪುಸ್ತಕ ನೋಡೋಣವೆಂದು ಹಾಯಿಹಗ್ಗವನ್ನು ಕಾಲೂರುವ ಗೂಟಕ್ಕೆ ಒಂದು ಸುತ್ತು ಸುತ್ತಿ ಕಟ್ಟಿದೆ. ನಾನು ತೆರೆದ ಪುಟದಲ್ಲಿ ಇದ್ದದ್ದೇ 'ಹಗ್ಗ ಕಟ್ಟಬಾರದು' ಎಂಬ ಸಾಲು. ಅದನ್ನು ಓದುತ್ತಿರುವಾಗಲೇ ಗಾಳಿಯ ಹೊಡೆತ ಬಂತು. ಬಲಗಡೆಯ ಕಂಕುಳುಮರ ಪೂರ್ತಿ ಮುಳುಗಿತು, ಆಕಾಶ ಪಕ್ಕಕ್ಕೆ ಸರಿಯಿತು, ಮೂಗಿನ ತುಂಬ ಉಪ್ಪುನೀರು. ಆಮೇಲೆ ಕೈಗಳು ತಾವಾಗಿಯೇ ಕೆಲಸ ಮಾಡಿದವು. ಗೂಟದ ಹಗ್ಗ ಬಿಚ್ಚಿದೆ, ಮರ ಎಳೆದೆ, ಹೊಟ್ಟೆ ಎಳೆದುಕೊಂಡು ಒಳಗೆ ಬಂದೆ. ಪುಸ್ತಕ ಹೋಗಿತ್ತು. ಎಷ್ಟು ಖುಷಿಯಾಯಿತೆಂದರೆ ಒಬ್ಬಳೇ ನಕ್ಕೆ.

ದಂಡೆಯ ಕಡೆ ನೋಡಿದೆ. ಅಲ್ಲಿ ನಲವತ್ತು ಜನ. ಕೂಗಿದರೆ ಅಷ್ಟೂ ಜನರೆದುರು ಆ ಊಟ; ಕೂಗಲಿಲ್ಲ. ನಾಳೆ ಹೂವಕ್ಕನ ಕಿವಿಯಲ್ಲಿ ಮೆಲ್ಲಗೆ ಹೇಳಿದರಾಯಿತು ಎಂದುಕೊಂಡು, ಹಾಯಿ ಇಳಿಸಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಮರೆಯಲ್ಲಿ ಹುಟ್ಟು ಹಾಕುತ್ತ ಹಿಂದಿನ ದಡಕ್ಕೆ ಹೋದೆ. ಮನೆಗೆ ಹೋಗಿ ಬಟ್ಟೆ ಬದಲಿಸಿ, ತಲೆ ಒರೆಸಿಕೊಂಡು, ಏನೂ ಆಗದವಳ ಹಾಗೆ ದಂಡೆಗೆ ಬಂದೆ.

ಅಂದು ಕಟ್ಟೆಯ ಸರದಿ ಶೀನಣ್ಣನದು. ನನ್ನನ್ನು ಕಂಡವನೇ ಎದ್ದು ನಿಂತ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

"ನೀನ್ ಇಲ್ಲಿದ್ಯಾ? ಹಾಂಗಾರೆ ಹೂವಕ್ಕ ಯಾರನ್ ಹುಡ್ಕುಕೆ ಹೋದ್ರ್?"

ಇಳಿತ ಶುರುವಾಗಿತ್ತು. ಇಳಿಯುವ ಹೊಳೆಗೆ ಪಡುಗಾಳಿ ಎದುರು ಹೊಡೆದರೆ ಅಳಿವೆಯಲ್ಲಿ ಅಲೆಗಳು ಗೋಡೆಯಂತೆ ಏಳುತ್ತವೆ. ಬಿದ್ದವಳನ್ನು ಹೊಳೆ ಅಲ್ಲಿಗೇ ಎಳೆದೊಯ್ಯುತ್ತದೆಂದು ಹೂವಕ್ಕ ಅತ್ತಲೇ ಹೋಗಿದ್ದರು. ಶೀನಣ್ಣ ಶಂಖ ಊದಿದ. ಗಾಳಿ ಆ ಸದ್ದನ್ನು ನಮ್ಮ ಊರೊಳಕ್ಕೇ ತಳ್ಳಿತು. ದೊಡ್ಡ ದೋಣಿಗಳು ಮೀನಿಗೆ ಹೋಗಿದ್ದವು. ಸಜ್ಜಾಗಿದ್ದ ಪಾತಿ ಹಿಂದಿನ ದಡದಲ್ಲಿ ಬಿಟ್ಟುಬಂದ ನನ್ನದೊಂದೇ. ಓಡಿಹೋಗಿ ಅದನ್ನು ದಂಡೆಗೆ ತಂದೆ.

ಶೀನಣ್ಣ ನನ್ನ ತೇಲಂಗಿಯ ದಾರ ಬಿಗಿದು, "ನಾ ಭಾರ, ನಿನ್ ಪಾತಿ ತಡ್ಕಂತಿಲ್ಲೆ. ನೀನೇ ಹೋಯ್ಕ್," ಎಂದ.

ಹಾಯಿಯನ್ನು ಅರ್ಧಕ್ಕೆ ಸುತ್ತಿ ಹೊರಟೆ. ಗಾಳಿಗೆ ನೇರ ಎದುರು ಹೋಗಲಾಗದು. ಓರೆಯಾಗಿ ಒಮ್ಮೆ ಬಡಗಕ್ಕೆ, ಒಮ್ಮೆ ತೆಂಕಕ್ಕೆ ಅಡ್ಡಾಡುತ್ತಲೇ ಮುಂದೆ ಹೋಗಬೇಕು. ಹಗ್ಗ ಅಂಗೈ ಸುಲಿಯುತ್ತಿತ್ತು. ಹೊಡೆತ ಬಂದಾಗ ಬಿಟ್ಟೆ, ಹೋದಾಗ ಎಳೆದೆ. ಯೋಚಿಸಲು ಹೊತ್ತಿರಲಿಲ್ಲ, ಪುಸ್ತಕವೂ ಇರಲಿಲ್ಲ. ಅಳಿವೆಯ ಅಂಚಿನಲ್ಲಿ ಹೂವಕ್ಕನ ಪಾತಿ ಕಂಡಿತು. ಹಾಯಿ ಇಳಿಸಿ, ಅಲೆ ಎತ್ತಿಹಾಕುತ್ತಿದ್ದರೂ ಬಗ್ಗಿ ನೀರಿನೊಳಗೆ ನೋಡುತ್ತಿದ್ದರು. ನನ್ನನ್ನು ನೀರಿನ ಒಳಗೆ ಹುಡುಕುತ್ತಿದ್ದರು.

"ಹೂವಕ್ಕಾ! ನಾ ಮಗ್ಚಿದೆ! ನಾ ಎದ್ದೆ!"

ನನ್ನೊಳಗೆ ಅಷ್ಟು ದೊಡ್ಡ ದನಿ ಇತ್ತೆಂದು ನನಗೇ ಗೊತ್ತಿರಲಿಲ್ಲ. ಅವರು ತಲೆಯೆತ್ತಿದರು. ನಾನು ನಿಲ್ಲಿಸಲಿಲ್ಲ. ಮೂರು ಸಲ, ಆರು ಸಲ, ಹತ್ತು ಸಲ ಕೂಗಿರಬೇಕು.

"ಸಾಕ್ ಮಾರಾಯ್ತಿ! ನಂಗ್ ಕೆಮಿ ಕೇಂತ್!" ಎಂದರು ಹೂವಕ್ಕ, ಒಂದು ಕೈಯಿಂದ ಕಿವಿ ಮುಚ್ಚಿಕೊಂಡು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. ಅದು ಅಲೆಯ ನೀರು ಎಂದು ಅವರು ಇಂದಿಗೂ ಹೇಳುತ್ತಾರೆ.

ಗಾಳಿಯ ಜೊತೆ ಇಬ್ಬರೂ ಮನೆಗೆ ಬಂದೆವು. ದಂಡೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೂವಕ್ಕ ಎಲ್ಲರೆದುರು ಹೇಳಿದರು: "ಮಗ್ಚಿ ಎದ್ದದ್ದಕ್ಕ್ ಪಾಸ್. ಹೇಳ್ದೆ ಅಡ್ಗದ್ದಕ್ಕ್ ಫೇಲ್. ಎಂಟ್ ದಿನ ಕಟ್ಟಿ ಮೇಲ್ ಕೂಕಂಡ್ ಹಾಯಿ ಎಣ್ಸ್."

"ಅಷ್ಟ್ರೊಳಗೆ ಗಾಳಿ ತಿರುಗಿದ್ರೆ?" ಎಂದು ಕೇಳಿದೆ.

"ತಿರ್ಗಿರೆ ತಿರ್ಗತ್ತ್."

ಇಂದು ಎಂಟನೆಯ ದಿನ. ಈ ಕಟ್ಟೆಯ ಮೇಲೆ ಕುಳಿತೇ ನಿಮಗೆ ಬರೆಯುತ್ತಿದ್ದೇನೆ. ಎರಡು ಸಾಲು ಬರೆದು ತಲೆಯೆತ್ತಿ ಎಣಿಸುತ್ತೇನೆ. ಮೊನ್ನೆ ಹನ್ನೆರಡು ಹೋಗಿದ್ದವು, ಒಂದು ಗಳಿಗೆ ಹನ್ನೊಂದೇ ಕಂಡವು. ಎದ್ದು ನಿಂತು ಮತ್ತೆ ಮತ್ತೆ ಎಣಿಸಿದೆ. ಹನ್ನೆರಡನೆಯದು ಇನ್ನೊಂದು ಹಾಯಿಯ ಹಿಂದಿತ್ತು, ಅಷ್ಟೆ. ಆದರೂ ಅಂದು ಊಟ ಸೇರಲಿಲ್ಲ. ಈಗ ಬೆಳಗಿನಿಂದ ಗಾಳಿಯಲ್ಲಿ ಏನೋ ವ್ಯತ್ಯಾಸ, ಕಡಲಿಗೆ ಮುಖ ಮಾಡಿ ಕುಳಿತ ನನ್ನ ಎಡಗೆನ್ನೆಗೆ ತಂಪು ತಾಗುತ್ತಿದೆ. ಹೂವಕ್ಕ ಮೆಟ್ಟಿಲು ಹತ್ತಿ ಬರುತ್ತಿದ್ದಾರೆ. ಆಮೇಲೆ ಮುಂದುವರಿಸುತ್ತೇನೆ.

ಅದೇ ದಿನ, ಸಂಜೆ, ಹೊರಗುದ್ರುವಿನಿಂದ

ಹೂವಕ್ಕ ಕಟ್ಟೆಗೆ ಬಂದು, ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿದರು. "ತೆಂಕು ಬಂತ್. ನಾಳಿಗ್ ಆತಿಲ್ಲೆ. ಏಳ್, ಈಗ್ಲೇ ಹೊರ್ಡ್."

"ನನ್ನ ಎಣಿಕೆ ಇನ್ನೂ ಅರ್ಧ ದಿನ ಇದೆಯಲ್ಲ?"

"ಅದ್ ಶೀನ ಕೂಕಂತ."

"ಯಾರ್, ನಾನಾ?" ಎಂದ ಕೆಳಗಿನಿಂದ ಶೀನಣ್ಣ. ಆದರೆ ಆಗಲೇ ಮೆಟ್ಟಿಲು ಹತ್ತುತ್ತಿದ್ದ.

ಉಬ್ಬರದ ಹೊತ್ತು, ಅಳಿವೆಯ ಅಲೆ ಉದ್ದವಾಗಿ, ಸೌಮ್ಯವಾಗಿತ್ತು. ನಡುನೀರಿನಲ್ಲಿ ಒಂದು ಹೊಡೆತ ಬಂತು, ಹಗ್ಗ ಬಿಟ್ಟೆ, ಹೋಯಿತು. ಇನ್ನೇನೂ ಆಗಲಿಲ್ಲ. ಇಲ್ಲಿ ನನಗೊಂದು ಕೋಣೆ, ಒಂದು ಮೇಜು, ಹದಿನಾಲ್ಕು ಮಕ್ಕಳು ಸಿಕ್ಕಿದ್ದಾರೆ. ಅವರು ಕಿಟಕಿಯಿಂದ ಇಣುಕಿ ನನ್ನನ್ನು ನೋಡುತ್ತಿದ್ದಾರೆ, ನಾನು ನಾಚುತ್ತಿದ್ದೇನೆ. ದೂರದಲ್ಲಿ ಮಳೆಯ ಕಪ್ಪು ಗೆರೆ ಕಾಣುತ್ತಿದೆ.

ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದಿರಿ. ಸೊಂಟಮಟ್ಟದ ನೀರಿನಿಂದ, ಬೆಳಗಿನ ಮೆಲುಗಾಳಿಯಿಂದ, ಮಗುಚುವುದರಿಂದ ಶುರು ಮಾಡಿ. ಹೊರಡುವ ಮೊದಲು ದಡದಲ್ಲಿ ಯಾರಾದರೊಬ್ಬರಿಗೆ ಹೇಳಿ, ಎಷ್ಟು ಹೊತ್ತಿಗೆ ಬರುವಿರಿ ಎಂದೂ ಹೇಳಿ. ಬಿದ್ದರೆ ನಾಚಬೇಡಿ.

ಕೊನೆಯದಾಗಿ ಒಂದು ಕೋರಿಕೆ. ಎಂಟು ದಿನ ಎಣಿಸಿದ ಮೇಲೆ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ನಿಮ್ಮ ನಾಲ್ಕು ಸಾಲಿನ ನಂತರ ನಿಮ್ಮ ಬರಹ ನಮಗೆ ಇನ್ನೆಲ್ಲೂ ಸಿಕ್ಕಿಲ್ಲ. ನೀವು ನೀರಿಗೆ ಹೋದಿರಾ, ಬಂದಿರಾ, ಗೊತ್ತಿಲ್ಲ. ದಯವಿಟ್ಟು ಮನೆಗೆ ಬಂದ ದಿನ, ಬಟ್ಟೆ ಬದಲಿಸುವ ಮೊದಲು, ಎಲ್ಲಾದರೂ ಒಂದು ಸಾಲು ಬರೆದಿಡಿ. ನೀವು ಬರೆದರೆ ಅದು ಇಷ್ಟು ಹೊತ್ತಿಗೆ ನಮ್ಮ ಕಡತಮನೆಯಲ್ಲಿ ಇನ್ನೂರು ವರ್ಷದಿಂದ ಇರಬೇಕು. ಮಳೆ ನಿಂತು ಅಳಿವೆ ತೆರೆದ ಮೊದಲ ದಿನವೇ ದಾಟಿ ಹೋಗಿ ಹುಡುಕುತ್ತೇನೆ. ಅಲ್ಲಿಯವರೆಗೆ ನಿಮ್ಮ ಹಾಯಿಯನ್ನೂ ಸೇರಿಸಿಯೇ ಎಣಿಸುತ್ತಿರುತ್ತೇನೆ.

ಇಂತು,
ಕೇದಗೆ